ದಂಡ ಕಬ್ಬಿನ ಮಾಲಕನಿಗೆ

ಕಬ್ಬಿನ ಸುಗ್ಗಿಯಲ್ಲಿ ನಮ್ಮ ಕಡೆ ಕಾರು ಓಡಿಸಲು ಲೈಸೆನ್ಸ್ ಇದ್ದರೆ ಸಾಲದು, ಪೂರ್ವಜನ್ಮದ ಪುಣ್ಯವೂ ಬೇಕು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಅವುಗಳ ಮೇಲೆ ಎರಡಾಳೆತ್ತರ ಕಬ್ಬು, ಬ್ರೇಕು ಮಾತ್ರ ದೇವರ ಇಚ್ಛೆ. (ಟ್ರೇಲರಿಗೆ ಬ್ರೇಕ್ ಯಾಕಿಲ್ಲ ಅಂತ ಕೇಳಿ ನೋಡಿ. "ಮುಂದ ಎಂಜಿನಿಗೆ ಐತಲ್ರಿ" ಅನ್ನುತ್ತಾರೆ. ಹೆಂಡತಿಗೆ ಬುದ್ಧಿ ಇದ್ದ ಮೇಲೆ ಗಂಡನಿಗೇಕೆ ಎಂಬಂಥ ವಾದ.)

ಅಂಥದೊಂದು ಚಲಿಸುವ ಪರ್ವತದ ಹಿಂದೆ, ಅಥಣಿಯಿಂದ ಕಾಗವಾಡಕ್ಕೆ, ನಾನೂ ನನ್ನ ಹೆಂಡತಿ ದೀಪಾಲಿಯೂ ಅವಳ ಬಸುರಿ ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊರಟಿದ್ದೆವು. ಹಳ್ಳದ ಸೇತುವೆಯ ಏರಿನಲ್ಲಿ ಟ್ರ್ಯಾಕ್ಟರ್ ಕೆಮ್ಮಿತು, ಮುಂದಿನ ಗಾಲಿ ಎತ್ತಿತು. ಹಿಂದಿನ ಟ್ರೇಲರು ಬಲು ಮರ್ಯಾದೆಯಿಂದ ಜಾರಿ ಬಂದು ನಮ್ಮ ಕಾರಿನ ಮೂತಿಗೆ ಒರಗಿ ನಿಂತಿತು.

"ಹಿಂದ ಸರಸ್ರಿ ಅಂದ್ನೆಲ್ಲ! ಅಷ್ಟ ಅಂಟಿಕೊಂಡು ಹೋಗಾಕ ಅದೇನ ಮದುವಿ ಮೆರವಣಿಗಿ ಏನ್ರಿ?" ಎಂದಳು ದೀಪಾಲಿ.

ಇಳಿದು ನೋಡಿದೆ. ಬಂಪರ್ ಬಾಯಿ ಬಿಟ್ಟಿತ್ತು. ಒಂದು ಹೆಡ್‌ಲೈಟ್ ವೈರಿಗೆ ಜೋತಾಡುತ್ತಿತ್ತು. ಬಾನೆಟ್ ಹೆಂಚಿನ ಮೇಲಿನ ಚಪಾತಿಯಂತೆ ಉಬ್ಬಿತ್ತು.

ಡ್ರೈವರ್ ಈಶ್ವರ, ಜತ್ತ ಕಡೆಯವನು, ಕೈ ಮುಗಿದ. "ಲೋಡ ಜಾಸ್ತಿ ಆತ್ರಿ, ಸಾಹೇಬ್ರ. ಎರಡ ಸಲದ್ದು ಒಂದ ಖೇಪಿಗೆ ಮುಗಸು ಅಂದಾರಂತ ಕಬ್ಬಿನ ಮಾಲಕ್ರು. ನಾ ಅವರ ಮಾರಿ ಸೈತ ನೋಡಿಲ್ರಿ."

ಅಷ್ಟರಲ್ಲಿ ಜನ ಕೂಡಿದರು. ಕೂಡಿದವರು ನಮ್ಮ ನಾಡಿನ ಪದ್ಧತಿಯಂತೆ, ನಿಂತ ಟ್ರೇಲರಿನಿಂದ ಒಂದೊಂದು ಕಬ್ಬು ಎಳೆದು ಸಿಗಿಯತೊಡಗಿದರು. ಶೇಡಬಾಳದ ಶಾಂತಿನಾಥ ಎಂಬ ಹಿರಿಯರು ಮೋಟರ್‌ಸೈಕಲ್ ನಿಲ್ಲಿಸಿ ನ್ಯಾಯಾಧೀಶರಾದರು. (ಅಪಘಾತವಾದಲ್ಲಿಗೆ ಪೊಲೀಸರಿಗಿಂತ ಮೊದಲು ನ್ಯಾಯ ಬರುತ್ತದೆ.)

"ಡ್ರೈವರ್ ಕಾರ್ ಮಾಡಿಸಿ ಕೊಡ್ಲಿ," ಎಂದರು.

ನನ್ನ ಆತ್ಮಸಾಕ್ಷಿಗೆ ಕಿಚ್ಚು ಹತ್ತಿತು. "ಆಗಂಗಿಲ್ಲ! ಬಡವನ ಕುತಿಗಿ ಯಾಕ ಹಿಡೀತೀರಿ? ತಪ್ಪು ಕಬ್ಬಿನ ಮಾಲಕಂದು! ಎರಡನೇ ಖೇಪಿನ ಬಾಡಿಗಿ ಉಳಸಾಕ ಮಂದಿ ಜೀವದ ಮ್ಯಾಲ ಕಬ್ಬ ಹೇರ್ತಾನ. ಮನ್ಯಾಗ ಕುಂತು ಫೋನಿನ್ಯಾಗ ಹುಕುಂ ಮಾಡ್ತಾನ. ಅವನ ಬಂದು ಕಾರ್ ಮಾಡಿಸಿ ಕೊಡಬೇಕು, ಹೆಚ್ಚಿನ ಕಬ್ಬ ತನ್ನ ಕೈಯಾರೆ ಇಳಿಸಬೇಕು. ಅಲ್ಲೀತನಕ ಟ್ರ್ಯಾಕ್ಟರ್ ಅಳಗಾಡಬಾರ್ದು!"

ಚಪ್ಪಾಳೆ ಬಿತ್ತು. ಬಾಯಲ್ಲಿ ಕಬ್ಬಿದ್ದವರು ತಲೆಯಾಡಿಸಿದರು. ನಾನು ಉಬ್ಬಿಹೋಗಿ ಇನ್ನೂ ನಾಲ್ಕು ಕಬ್ಬು ಎಳೆದು ಹಂಚಿದೆ. ಪರರ ಸೊತ್ತಿನಲ್ಲಿ ನನ್ನಷ್ಟು ದಾನಶೂರ ಅಥಣಿ ತಾಲೂಕಿನಲ್ಲಿಲ್ಲ. ಈಶ್ವರ ಪಕ್ಕಕ್ಕೆ ಸರಿದು ಯಾರಿಗೋ ಫೋನ್ ಹಚ್ಚಿದ.

ಸ್ವಲ್ಪ ಹೊತ್ತಿಗೆ ದೀಪಾಲಿಯ ಫೋನ್ ಹೊಡೆದುಕೊಂಡಿತು. ಕೇಳಿದವಳೇ ಬಂದು ನನ್ನ ತೋಳು ಜಗ್ಗಿದಳು.

"ಏನ್ರೀ, ಇಲ್ಲೆ ಕೇಳ್ರಿ."

"ಸುಮ್ಮನಿರು. ತತ್ವದ ಪ್ರಶ್ನೆ ಇದು."

"ತತ್ವಾನೂ ನಿಮ್ದ, ಕಬ್ಬೂ ನಿಮ್ದ!" (ದೀಪಾಲಿಗೆ ಪಿಸುಮಾತು ಬರುವುದಿಲ್ಲ.) "ಸಂಗ್ರಾಮಣ್ಣ ಫೋನ್ ಮಾಡ್ಯಾನ. ಮುಂಜಾನೆ ನೀವ ಹೇಳಿದಂಗ ಸತ್ತಿ ಹೊಲದ ಕಬ್ಬೆಲ್ಲಾ ಒಂದ ಖೇಪಿಗೆ ಹೇರಿ ಕಳಸ್ಯಾನಂತ. ದಾರ್ಯಾಗ ಯಾವನೋ ಹುಚ್ಚ ಅಡ್ಡಗಟ್ಟ್ಯಾನಂತ. ಸಂಜಿ ಒಳಗ ಫ್ಯಾಕ್ಟರ್ಯಾಗ ತೂಕ ಆಗಲಿಲ್ಲಂದ್ರ ಪಾಳಿ ತಪ್ಪತೈತಂತ!"

ಸಂಗ್ರಾಮ ಅವಳ ಅಣ್ಣ, ಸತ್ತಿಯ ನಮ್ಮ ಹೊಲ ಪಾಲಿಗೆ ಮಾಡುವವನು. ಹುಚ್ಚ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ನಾನು ಜನರತ್ತ ತಿರುಗಿ ಶಾಂತಿಯ ನಗೆ ನಕ್ಕೆ. "ಹೋಗ್ಲಿ ಬಿಡ್ರಿ. ಮನಷ್ಯಾರಿಗೆ ಕ್ಷಮಾ ಇರಬೇಕು. ಬಿಟ್ಟು ಕಳಸೂಣು."

"ಹೆಂಗ ಬಿಡೂದ್ರಿ?" ಶಾಂತಿನಾಥರು ಸಿಪ್ಪೆ ಉಗುಳಿದರು. "ಮಾಲಕ ಬರೂತನ ಅಳಗಾಡಬಾರ್ದಿತ್ತು. ಬಂದಾನ. ಕಾರಂತೂ ಅವಂದ, ಮಾಡಿಸ್ಕೋತಾನ. ಇನ್ನ ಕಬ್ಬ ಇಳಸೂದೊಂದ ಉಳೀತು."

"ಇಳಸಲಾರದ ಏರು ಹತ್ತಂಗಿಲ್ರಿ," ಎಂದ ಈಶ್ವರ, ಬಹಳ ವಿನಯದಿಂದ.

ಕುಬಸಕ್ಕೆಂದು ಹಾಕಿದ್ದ ರೇಷ್ಮೆ ಅಂಗಿಯಲ್ಲೇ ಟ್ರೇಲರ್ ಹತ್ತಿದೆ. ದೀಪಾಲಿ ಯಾರದೋ ಜೀಪಿನಲ್ಲಿ ಉಡಿ ತುಂಬಲು ಹೋದಳು. ನಾನು ಹೊರೆ ಹೊತ್ತು ಇಳಿಸುತ್ತಿದ್ದೆ, ಮೈಯೆಲ್ಲ ಕಬ್ಬಿನ ಒಣಗರಿಯ ರವದಿ, ಕುತ್ತಿಗೆಯೆಲ್ಲ ತುರಿಕೆ. ಆಗ ಹಿಂದೆ ಸಾಲುಗಟ್ಟಿ ನಿಂತ ಗಾಡಿಗಳಲ್ಲಿ ಒಂದರಿಂದ ಕನ್ನಡಕದವನೊಬ್ಬ ಇಳಿದು ಬಂದ.

"ಏ ಹಮಾಲ! ಹಿಂಗ ಹೇರ್ತಾರೇನ್ಲೇ? ನಾಚಿಕಿ ಇಲ್ಲದಂವ, ಯಾರ್ಲೇ ಇದರ ಮಾಲಕ?"

ನಾನು ಹೊರೆಯ ಹಿಂದೆ ಮುಖ ಮರೆಮಾಡಿಕೊಂಡೆ.

"ಗೊತ್ತಿಲ್ರಿ ಸಾಹೇಬ್ರ," ಎಂದೆ, "ನಾ ಅವರ ಮಾರಿ ಸೈತ ನೋಡಿಲ್ರಿ."