ನಶ್ವರದ ಚಿತ್ರಕ್ಕೆ ಮಾವನ ಪೇಟ

ನನಗೆ ಚೆನ್ನಾಗಿ ಫೋಟೋ ತೆಗೆಯಲು ಬರುತ್ತದೆ ಎಂಬ ಸಂಗತಿ ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದನ್ನು ಲೋಕಕ್ಕೆ ತಿಳಿಸುವ ಜವಾಬ್ದಾರಿಯೂ ನನ್ನ ಮೇಲೆಯೇ ಬಿದ್ದಿತ್ತು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ನಮ್ಮ ಮನೆಗೆ ಹತ್ತಿರದಲ್ಲೇ, ಒಂದು ಛಾಯಾಚಿತ್ರ ಬಳಗವಿದೆ. ವರ್ಷಕ್ಕೊಮ್ಮೆ ಸ್ಪರ್ಧೆ, ಪ್ರದರ್ಶನ ಎಲ್ಲ ನಡೆಸುತ್ತಾರೆ. ಅಲ್ಲಿ ತೂಗುಹಾಕುವ ಚಿತ್ರಗಳಲ್ಲಿ ಅರ್ಧದಷ್ಟು ಕೆರೆ ಏರಿಯ ಸೂರ್ಯಾಸ್ತ, ಉಳಿದರ್ಧ ಮುಖ ತುಂಬ ಸುಕ್ಕಿರುವ ಅಜ್ಜಿಯರು. ಅಜ್ಜಿ ಬೀಡಿ ಸೇದುತ್ತಿದ್ದರೆ ಮೊದಲ ಬಹುಮಾನ. ಸುತ್ತಮುತ್ತಲಿನ ಹಳ್ಳಿಯ ಅಜ್ಜಿಯರಂತೂ ಈಗ ಕ್ಯಾಮೆರಾ ಕಂಡರೆ ತಾವಾಗಿಯೇ ಬೆಳಕಿನ ಕಡೆಗೆ ತಿರುಗಿ ಕೂರುತ್ತಾರೆ. ಇನ್ನು ಸೂರ್ಯ, ಯಾರೂ ಫೋಟೋ ತೆಗೆಯದಿದ್ದರೂ ಮುಳುಗುತ್ತಾನೆ. ಅದರಲ್ಲಿ ಇವರ ಹೆಚ್ಚುಗಾರಿಕೆ ಏನು ಎಂದು ನಾನು ಎಲ್ಲರೆದುರಿಗೇ ಕೇಳುತ್ತಿದ್ದೆ.

ಬಳಗದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಹೋದ ವರ್ಷ ನಾನು ಕೊಟ್ಟ ಮಸಾಲೆದೋಸೆಯ ಚಿತ್ರವನ್ನು ಹುಳುಕು ಹಲ್ಲು ನೋಡುವಂತೆ ನೋಡಿ, "ಫೋಕಸ್ ಪರ್ವಾಗಿಲ್ಲ ಸಾರ್. ಆದ್ರೆ ಇದ್ರಲ್ಲಿ ತತ್ವ ಇಲ್ಲ" ಎಂದು ವಾಪಸ್ಸು ಕೊಟ್ಟರು. ದೋಸೆಯಲ್ಲಿ ಪಲ್ಯವಿದೆಯೇ ಎಂದು ಕೇಳುವವರನ್ನು ನೋಡಿದ್ದೆ, ತತ್ವ ಕೇಳುವವರನ್ನು ನೋಡಿರಲಿಲ್ಲ. ಈ ವರ್ಷ ಇವರಿಗೆ ತತ್ವವನ್ನು ಹೊಟ್ಟೆ ತುಂಬ ಬಡಿಸಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಮೊಬೈಲಿನಲ್ಲಿ ತಡಕಾಡುತ್ತಿದ್ದಾಗ ನನಗೆ ಬೇಕಾದದ್ದು ಸಿಕ್ಕಿತು. ನಾನೂರು ವರ್ಷದ ಹಿಂದೆ ಯುರೋಪಿನ ಚಿತ್ರಕಾರರು 'ವ್ಯಾನಿಟಾಸ್' ಎಂಬ ಚಿತ್ರಗಳನ್ನು ಬರೆಯುತ್ತಿದ್ದರಂತೆ. ಒಂದು ಮೇಜು. ಅದರ ಮೇಲೆ ತಲೆಬುರುಡೆ, ಆಗತಾನೇ ಆರಿದ ಮೇಣದಬತ್ತಿ, ಬಾಡಿದ ಹೂವು, ಅರ್ಧ ಸುಲಿದ ಹಣ್ಣು, ಗಡಿಯಾರ, ಒಂದಿಷ್ಟು ಒಡವೆ ವಸ್ತ್ರ. ಹಿಂದೆ ಕಗ್ಗತ್ತಲೆ. ಅರ್ಥ ಇಷ್ಟೇ: ಎಲ್ಲವೂ ನಶ್ವರ, ಮೆರೆಯಬೇಡ, ನೀನೂ ಸಾಯುತ್ತೀಯ.

ನಾನು ಇದನ್ನು ಭಕ್ತಿಯಿಂದ ವಿವರಿಸಿದಾಗ ನನ್ನ ಹೆಂಡತಿ ಸುಮ ಹುರುಳಿಕಾಯಿ ಸೋಸುತ್ತಿದ್ದಳು.

"ಇಷ್ಟ್ ಹೇಳೋಕೆ ಯುರೋಪಿನೋರು ಬೇಕಿತ್ತೇನ್ರೀ? ನಮ್ಮಜ್ಜಿ ದಿನಾ ಹಲ್ಲುಜ್ಜೋವಾಗ ಹೇಳ್ತಿದ್ಲು" ಎಂದಳು.

"ಒಂದು ತಲೆಬುರುಡೆ ಬೇಕಾಗುತ್ತೆ ಕಣೇ. ಕಾಲೇಜಿನ ಲ್ಯಾಬಿಂದ ಎರಡು ದಿನದ ಮಟ್ಟಿಗೆ..."

ಸುಮ ಹುರುಳಿಕಾಯಿ ಕೆಳಗಿಟ್ಟಳು. "ಭಾನುವಾರ ಗುಬ್ಬಿಲಿ ಚೈತ್ರನ ನಿಶ್ಚಿತಾರ್ಥ. ನೀವು ಬುರುಡೆ ತಂದು ಮನೆ ಹೊಸಿಲು ದಾಟಿದ್ರೆ, ನಾನು ಹೊಸಿಲಿಂದಾಚೆ ಹೋಗ್ತೀನಿ."

ಚೈತ್ರ ಸುಮಳ ತಂಗಿ. ತಾಯಿ ಇಲ್ಲದ ಹುಡುಗಿ. ನಮ್ಮ ಮಾವ ಒಬ್ಬರೇ ನಿಂತು ಅವಳಿಗೆ ಗಂಡು ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದರು. ಕೊನೆಗೆ ಕುಣಿಗಲ್ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬ ಇವಳನ್ನು ಒಪ್ಪಿದ್ದ, ಇವಳೂ ಅವನನ್ನು ಒಪ್ಪಿದ್ದಳು. ಆದರೆ ಆ ಮನೆಯಲ್ಲಿ ಹುಡುಗನ ದೊಡ್ಡಪ್ಪ ಹೇಳಿದ್ದೇ ನಡೆಯುವುದು. ಆ ದೊಡ್ಡಪ್ಪನೋ, ಬೆಕ್ಕು ಅಡ್ಡ ಬಂದರೆ ಹೊರಟ ಬಸ್ಸಿನಿಂದಲೂ ಇಳಿಯುವಂಥ ಶಕುನದ ಮನುಷ್ಯ. ನಿಶ್ಚಿತಾರ್ಥ ಸಸೂತ್ರವಾಗಿ ಮುಗಿದರೆ ಸಾಕು ಎಂದು ಇಡೀ ಮನೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ನನ್ನನ್ನು ಬಿಟ್ಟು.

ಬುರುಡೆಗೆ ಅನುಮತಿ ಸಿಗದಿದ್ದರೂ ನಾನು ಎದೆಗುಂದಲಿಲ್ಲ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಬುರುಡೆಗೆ ಪರದಾಡುವುದೇ? ಒಂದು ಕಾಯಿ ತಂದು ಜುಟ್ಟು ಕಿತ್ತು, ನಾರನ್ನೆಲ್ಲ ಹೆರೆದು ನುಣ್ಣಗೆ ಮಾಡಿದೆ. ಮೂರು ಕಣ್ಣು ಎದ್ದು ಕಂಡವು. ಎರಡು ಕಣ್ಣು, ಒಂದು ಬಾಯಿ ಎಂದುಕೊಂಡರೆ ಸಾಕ್ಷಾತ್ ಬುರುಡೆ.

"ಜುಟ್ಟು ಕಿತ್ತ ಕಾಯಿ ದೇವ್ರಿಗೂ ಆಗಲ್ಲ. ಚಟ್ನಿಗಾದ್ರೂ ಕೊಡಿ" ಎಂದಳು ಸುಮ. ನಾನು ಕೊಡಲಿಲ್ಲ.

ಸ್ಪರ್ಧೆಗೆ ಚಿತ್ರ ಕಳಿಸಲು ಶನಿವಾರ ಸಂಜೆಯೇ ಕೊನೆ. ಶನಿವಾರ ಬೆಳಿಗ್ಗೆ ಸುಮ ರವಿಕೆ ತರಲು ಟೈಲರ್ ಅಂಗಡಿಗೆ ಹೊರಟಳು. ಹೋಗುವಾಗ, "ಅಪ್ಪನ ಸಾಮಾನು ಮರೀಬೇಡಿ. ಸಾಯಂಕಾಲ ಗುಬ್ಬಿಗೆ ತಗೊಂಡ್ ಹೋಗ್ಬೇಕು" ಎಂದಳು. ಮಾವ ಆ ವಾರ ಬಂದು ಮೂರು ವಸ್ತು ಬಿಟ್ಟುಹೋಗಿದ್ದರು: ಇಸ್ತ್ರಿಗೆಂದು ಜರಿಪೇಟ, ಸೆಲ್ ಹಾಕಿಸಲೆಂದು ಕೈಗಡಿಯಾರ, ಕಾಲು ಸರಿಮಾಡಿಸಲೆಂದು ಕನ್ನಡಕ. ಮೂರನ್ನೂ ಮಾಡಿಸಿ ತಂದಿಟ್ಟಿದ್ದೆ. ಅವು ಕಪಾಟಿನೊಳಗಿಂದ ನನ್ನನ್ನು ನೋಡಿದವು, ನಾನು ಅವನ್ನು ನೋಡಿದೆ.

ಆ ಪೇಟದ ಬಗ್ಗೆ ಹೇಳಬೇಕು. ನಮ್ಮ ನೆಂಟರಿಷ್ಟರ ಯಾವ ಮದುವೆಯ ಆಲ್ಬಂ ತೆಗೆದರೂ ಮೊದಲು ಆ ಪೇಟ ಕಾಣುತ್ತದೆ, ಆಮೇಲೆ ಅದರ ಕೆಳಗೆ ಮಾವ. ಹೆಣ್ಣು ನೋಡಲು ಬಂದಿದ್ದ ಕುಣಿಗಲ್‌ನವರು ಕೂಡ ಹುಡುಗಿಗಿಂತ ಹೆಚ್ಚು ಹೊತ್ತು ಪೇಟವನ್ನೇ ನೋಡಿದ್ದರು.

ನಡುಮನೆಯ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಹಿಂದುಗಡೆ ಕತ್ತಲೆಗೆಂದು ಅಯ್ಯಪ್ಪನ ಮಾಲೆ ಹಾಕಿದ್ದಾಗಿನ ನನ್ನ ಕಪ್ಪು ಪಂಚೆ ಕಟ್ಟಿದೆ. ನಡುವೆ ಪೇಟ, ಅದಕ್ಕೆ ಒರಗಿದಂತೆ ಕಾಯಿ, ಮುಂದೆ ಮಡಿಚಿದ ಕನ್ನಡಕ. ಗಡಿಯಾರ ನಿಂತಿದ್ದರೆ ಅರ್ಥ ಹೆಚ್ಚು ಎನ್ನಿಸಿ, ಹೊಸದಾಗಿ ಹಾಕಿಸಿದ್ದ ಸೆಲ್ಲನ್ನು ನಾನೇ ತೆಗೆದೆ. ನಿನ್ನೆಯ ಸೇವಂತಿಗೆ, ಅರ್ಧ ಸುಲಿದ ಮೂಸಂಬಿ, ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ ಹಿತ್ತಾಳೆ ಚೊಂಬು. ಮೇಣದಬತ್ತಿಯ ಬದಲು ದೇವರ ಮನೆಯ ದೀಪ. ಅದನ್ನು ಹಚ್ಚುವುದು, ಬಾಯಲ್ಲಿ ಊದುವುದು, ಹೊಗೆ ಏಳುವಾಗ ಕ್ಲಿಕ್ಕಿಸುವುದು. ಹೊಗೆ ಒಂದು ಸಲ ಎಡಕ್ಕೆ ಹೋಯಿತು, ಒಂದು ಸಲ ನನ್ನ ಕಣ್ಣಿಗೇ ಬಂತು. ಸೆಕೆಗೆ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತು ಊದುತ್ತಲೇ ಇದ್ದೆ. ಕೊನೆಗೂ ಹೊಗೆ ನೆಟ್ಟಗೆ, ಪ್ರಾಣ ಹೋದಂತೆ, ಮೇಲಕ್ಕೆ ಹೋಯಿತು.

ಚಿತ್ರ ಅದ್ಭುತವಾಗಿ ಬಂದಿತ್ತು. ಹೀಗೆ ಹೇಳಲು ನನಗೆ ಈಗಲೂ ಸಂಕೋಚವಿಲ್ಲ. ಲೋಕವನ್ನು ಸಂಜೆಯವರೆಗೆ ಕಾಯಿಸುವುದು ಸರಿಯಲ್ಲವೆಂದು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಚಿತ್ರ ಮಾತ್ರ ಹಾಕಿದರೆ ನಮ್ಮ ಜನಕ್ಕೆ ತತ್ವ ಹತ್ತುವುದಿಲ್ಲ ಎಂದು ಕೆಳಗೆ ಎರಡು ಸಾಲು ಬರೆದೆ: "ಎಲ್ಲವೂ ಇಷ್ಟೇ. ಬಂದವರು ಹೋಗಲೇಬೇಕು." ಆಮೇಲೆ ಫೋನನ್ನು ಸೈಲೆಂಟ್ ಮಾಡಿ, ಸ್ಪರ್ಧೆಯ ಪ್ರತಿಗೆ ನೆರಳು ತಿದ್ದಲು ಕಂಪ್ಯೂಟರ್ ಮುಂದೆ ಕೂತೆ.

ಬಾಗಿಲು ತಟ್ಟಿದ ಮೊದಲಿಗರು ಎದುರುಮನೆಯ ಶಾಂತಮ್ಮ. ಕೈಯಲ್ಲಿ ಕಾಫಿ ಫ್ಲಾಸ್ಕು, ತಟ್ಟೆ ತುಂಬ ಉಪ್ಪಿಟ್ಟು.

"ಇವತ್ತು ಒಲೆ ಹಚ್ಚೋಕ್ ಹೋಗ್ಬೇಡಿ. ಮಧ್ಯಾಹ್ನಕ್ಕೂ ನಾನೇ ಕಳಿಸ್ತೀನಿ" ಎಂದು ಕಣ್ಣೊರೆಸಿಕೊಂಡರು. ಒಳಗಿನ ಮೇಜು, ಕಪ್ಪು ಬಟ್ಟೆ, ಪೇಟ ನೋಡಿ ಕೈಮುಗಿದು ಹೋದರು. ಕಲೆಗೆ ಇಷ್ಟು ಗೌರವ ಕೊಡುವ ನೆರೆಯವರು ಎಲ್ಲಿ ಸಿಗುತ್ತಾರೆ ಎಂದುಕೊಂಡು ಉಪ್ಪಿಟ್ಟು ತಿಂದೆ. ಚೆನ್ನಾಗಿತ್ತು.

ಕೊನೆಯ ತುತ್ತು ಬಾಯಲ್ಲಿರುವಾಗ ಆಟೋ ನಿಂತ ಸದ್ದಾಯಿತು. ಸುಮ ಬೀದಿಯಿಂದಲೇ ಅಳುತ್ತ ಬಂದಳು. "ಅಪ್ಪ ಹೋಗ್ಬಿಟ್ರಂತೆ ಕಣ್ರೀ. ಚಿಕ್ಕಮ್ಮ ಫೋನ್ ಮಾಡಿದ್ರು. ನಿಮ್ಗೆ ಗೊತ್ತಿದ್ದೂ ನನಗ್ಯಾಕ್ರೀ ಹೇಳ್ಲಿಲ್ಲ?"

ನನ್ನ ಗಂಟಲಲ್ಲಿ ಉಪ್ಪಿಟ್ಟು ನಿಂತಿತು. "ನನಗೂ ಗೊತ್ತಿಲ್ವಲ್ಲೇ. ಯಾರು ಹೇಳಿದ್ದು?"

"ನೀವೇ ಸ್ಟೇಟಸ್ ಹಾಕಿದೀರಂತೆ."

ಆಗ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಪೇಟ ನೋಡಿದಳು, ಬೋಳು ಕಾಯಿ ನೋಡಿದಳು, ಆರಿದ ದೀಪ ನೋಡಿದಳು, ಕೊನೆಗೆ ನನ್ನ ಬಾಯಿಗಂಟಿದ್ದ ಉಪ್ಪಿಟ್ಟು ನೋಡಿದಳು. ಅಳು ನಿಂತಿತು. ಅಳುತ್ತಲೇ ಇದ್ದಿದ್ದರೆ ಒಳ್ಳೆಯದಿತ್ತು.

ಫೋನು ತೆಗೆದರೆ ಮಿಸ್ಡ್ ಕಾಲುಗಳ ಸಾಲು. ಕೈಮುಗಿದ ಚಿಹ್ನೆಗಳ ಸಾಲು. ತತ್ವ ಕೇಳಿದ್ದ ಅಧ್ಯಕ್ಷರ ಸಂದೇಶವೂ ಇತ್ತು: "ಓಂ ಶಾಂತಿ. ನಿಮ್ಮ ಮಾವನವರ ಆತ್ಮಕ್ಕೆ ಸದ್ಗತಿ ಸಿಗಲಿ. ಸ್ಪರ್ಧೆಯ ಚಿತ್ರ ಸಂಜೆಯೊಳಗೆ ಕಳಿಸಿ." ಇವರಿಗೋಸ್ಕರ ನಾನು ಅಷ್ಟು ಹೊತ್ತು ದೀಪ ಊದಿದ್ದೆ. ಎಲ್ಲಕ್ಕಿಂತ ಕೆಳಗಿತ್ತು ಕುಣಿಗಲ್ ದೊಡ್ಡಪ್ಪನವರದು: "ಸುದ್ದಿ ತಿಳಿತು. ಹೊರಟಿದೀವಿ."

ಸ್ಟೇಟಸ್ ಅಳಿಸಿ ಅವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಸುಮ ಅಪ್ಪನಿಗೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಚೈತ್ರಳಿಗೆ ಮಾಡಿದರೆ ಅವಳೂ ಎತ್ತಲಿಲ್ಲ.

"ನೀವ್ ಹಾಕಿದ್ ಸುಳ್ಳು ನಿಜ ಆಗಿದ್ರೆ?" ಎಂದಳು ಸುಮ, ಬಹಳ ಮೆಲ್ಲಗೆ.

ಮಾವನ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿ ಸ್ಕೂಟರ್ ಹತ್ತಿದೆವು. ಗುಬ್ಬಿಯವರೆಗೂ ಸುಮ ನನ್ನ ಬೆನ್ನಿಗೆ ಮುಖ ಒತ್ತಿ ಅಳುತ್ತಿದ್ದಳು. ನನಗೂ ಭಯವಾಗಿತ್ತು. ಮದುವೆಯಾದ ದಿನದಿಂದ ನನ್ನನ್ನು 'ಅಳಿಯಂದ್ರೇ' ಎಂದು ಕರೆದು, ಆ ಮರ್ಯಾದೆಯ ಮಾತಿನಲ್ಲೇ ನನ್ನ ಮರ್ಯಾದೆ ತೆಗೆಯುತ್ತ ಬಂದ ಮನುಷ್ಯ. ಇನ್ನೊಮ್ಮೆ ಹಾಗೆ ಕರೆದರೆ ಸಾಕು ಎಂದು ದಾರಿಯುದ್ದಕ್ಕೂ ಸಿಕ್ಕ ಗುಡಿಗಳಿಗೆಲ್ಲ ಹರಕೆ ಹೊತ್ತೆ.

ಮನೆಯ ಮುಂದೆ ಎರಡು ಕಾರು ನಿಂತಿದ್ದವು. ಜಗಲಿಯ ಮೇಲೆ ಮಾವ, ತಲೆಗೆ ಟವೆಲ್ಲು ಸುತ್ತಿ, ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ನಮ್ಮನ್ನು ಕಂಡು, ಅತ್ತ ಕೂತಿದ್ದ ಬೀಗರಿಗೆ ಕೇಳದಂತೆ ಮೆಲ್ಲಗೆ, "ಬನ್ನಿ ಅಳಿಯಂದ್ರೇ. ನಾನ್ ಸತ್ತ್ ವಿಷ್ಯ ನಂಗೂ ಒಂದ್ ಮಾತ್ ತಿಳಿಸ್ಬಾರ್ದಿತ್ತಾ?" ಎಂದರು. ಸುಮ ಓಡಿಹೋಗಿ ಅವರನ್ನು ಹಿಡಿದುಕೊಂಡು ಇನ್ನೊಂದು ಸುತ್ತು ಅತ್ತಳು.

ಫೋನು ಎತ್ತದಿದ್ದಕ್ಕೆ ಕಾರಣವೂ ನಾನೇ. ಕನ್ನಡಕವಿಲ್ಲದೆ ಯಾರ ಫೋನೆಂದು ಅವರಿಗೆ ಕಾಣುತ್ತಿರಲಿಲ್ಲ, ಯಾರದೆಂದು ಕಾಣದ ಫೋನನ್ನು ಅವರು ಎತ್ತುವುದಿಲ್ಲ. ಚೈತ್ರ ಎರಡೂ ಕೈಗೆ ಮೆಹಂದಿ ಹಾಕಿಸಿಕೊಳ್ಳುತ್ತ ಕೂತಿದ್ದಳು. ಇಷ್ಟರ ಮಧ್ಯೆ ಕುಣಿಗಲ್‌ನವರು ದೊಡ್ಡ ಹಾರ ಹಿಡಿದು ಬಂದಿಳಿದಿದ್ದಾರೆ. ಮಸುಕು ಮಸುಕಾಗಿ ಹಾರ ಕಂಡ ಮಾವ, ಬೀಗರು ಒಂದು ದಿನ ಮುಂಚೆಯೇ ಸನ್ಮಾನಕ್ಕೆ ಬಂದರೆಂದು ಎದ್ದು ಕತ್ತು ಬಗ್ಗಿಸಿದ್ದಾರೆ. ಹೆಣಕ್ಕೆಂದು ತಂದ ಹಾರಕ್ಕೆ ಹೆಣವೇ ಎದುರು ಬಂದು ಕತ್ತು ಬಗ್ಗಿಸಿದ್ದನ್ನು ಕಂಡು ದೊಡ್ಡಪ್ಪನವರಿಗೆ ಇನ್ನೂ ನಡುಕ ಹೋಗಿರಲಿಲ್ಲ.

"ನಾಳೆ ಬ್ಯಾಡ ಬೀಗ್ರೆ" ಎಂದರು ಅವರು. "ಶುಭಕಾರ್ಯದ ಹಿಂದಿನ್ ದಿನ ಸಾವಿನ್ ಸುದ್ದಿ. ಸುಳ್ಳೋ ನಿಜವೋ, ಹಾರ ತಂದಾಗಿದೆ. ಇದು ದೊಡ್ಡ ಅಪಶಕುನ. ಸದ್ಯಕ್ ಬುಟ್ಬುಡಾನ. ಮುಂದಕ್ಕೆ ನೋಡಾನ."

ಮುಂದಕ್ಕೆ ನೋಡುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ಚೈತ್ರ ನಿಂತಿದ್ದಳು. ಕಣ್ಣೀರು ಸುರಿಯುತ್ತಿತ್ತು, ಹಸಿ ಮೆಹಂದಿಯ ಕೈಗಳನ್ನು ಎತ್ತಿ ಹಿಡಿದಿದ್ದರಿಂದ ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಅದನ್ನು ನೋಡಿ ನನಗೆ ನನ್ನ ಮೇಲೆ ಅಸಹ್ಯವಾಯಿತು.

ಮಾವ ನನ್ನತ್ತ ಕೈ ಚಾಚಿದರು. "ನನ್ ಸಾಮಾನ್ ಕೊಡಿ ಇಲ್ಲಿ." ಕನ್ನಡಕ ಹಾಕಿಕೊಂಡರು. ಟವೆಲ್ಲು ತೆಗೆದು ಪೇಟ ಇಟ್ಟುಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಬೀಗ್ರೆ, ನಿಮ್ಮತ್ರ ಮುಚ್ಚಿಡೋದ್ಯಾಕೆ. ಮೊನ್ನೆ ಹಿತ್ಲಲ್ಲಿ ನಿಂತಿದ್ದೆ. ಕಾಗೆ ಬಂದು ತಲೆ ಮುಟ್ಬುಡ್ತು."

ದೊಡ್ಡಪ್ಪ ಕುರ್ಚಿಯ ತುದಿಗೆ ಬಂದರು.

"ಕಾಗೆ ಮುಟ್ಟಿದ್ರೆ ಏನ್ ಮಾಡ್ಬೇಕು? ಸತ್ತ ಅಂತ ಸುಳ್ ಸುದ್ದಿ ಕಳಿಸಿ, ನಮ್ಮೋರ್ನ ಅಳಿಸ್ಬೇಕು. ಆಗ ದೋಷ ಕಳಿಯುತ್ತೆ. ನಾಳೆ ಶುಭಕಾರ್ಯ, ದೋಷ ಇಟ್ಕೊಂಡ್ ಮಗಳ ಪಕ್ಕ ಹೆಂಗೆ ಕೂರ್ಲಿ? ಅದ್ಕೆ ನಮ್ಮ ಅಳಿಯಂದ್ರಿಗೆ ಹೇಳಿದ್ದೆ, ಸ್ಟೇಟಸ್ ಹಾಕ್ಬುಡಿ ಅಂತ."

"ಮುಂಚೆನೇ ಅನ್ಬಾರ್ದಾ?" ಎಂದರು ದೊಡ್ಡಪ್ಪ.

"ಮುಂಚೆ ಅಂದ್ರೆ ಯಾರ್ ಅಳ್ತಾರೆ?"

ದೊಡ್ಡಪ್ಪ ಸುಮಳ ಊದಿದ ಕಣ್ಣು ನೋಡಿದರು, ಚೈತ್ರಳ ಕೆನ್ನೆ ನೋಡಿದರು. ಮುಖ ಅರಳಿತು. "ಅಂಗಾರೆ ದೋಸ ಪೂರಾ ಕಳೀತು ಬುಡಿ. ಇಬ್ರು ಎಣ್ಮಕ್ಳೂ ಅತ್ತವ್ರೆ. ನಮ್ ಕಾಲ್ದಲ್ಲಿ ಸುದ್ದಿ ಹೇಳೋಕೆ ಊರೂರಿಗೂ ಆಳ್ ಕಳಿಸ್ಬೇಕಿತ್ತು. ಒಳ್ಳೆ ಕೆಲ್ಸ ಮಾಡಿದ್ರಿ ಅಳಿಯಂದ್ರೆ."

"ಅಲ್ಲ ಸಾರ್, ಅದು ಯುರೋಪಿನ ಒಂದು ಕಲಾ ಪರಂಪರೆ..." ಎಂದು ನಾನು ಶುರುಮಾಡಿದೆ. ಸುಮ ನನ್ನ ಕಾಲು ತುಳಿದಳು. ಕಲಾ ಪರಂಪರೆ ಅಲ್ಲಿಗೆ ಮುಗಿಯಿತು.

ಮರುದಿನ ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು. ಹಾರವನ್ನು ಹಸು ತಿಂದಿತ್ತು. ಚೈತ್ರಳ ಮೆಹಂದಿ ಕಡುಗೆಂಪಾಗಿತ್ತು. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಮಾವ ನನ್ನನ್ನು ಕರೆದರು. "ಎಲ್ಲಿ, ನನ್ನ ಸಾಯಿಸಿದ್ ಫೋಟೋ ತೋರ್ಸಿ ಅಳಿಯಂದ್ರೇ."

ನನಗೆ ಸಂತೋಷವೇ ಆಯಿತು. ಕಡೆಗೂ ಒಬ್ಬರು ಚಿತ್ರವನ್ನು ಚಿತ್ರವೆಂದು ನೋಡಲು ಕೇಳಿದ್ದರು. ಕಾಯಿಯ ಅರ್ಥ, ಹೊಗೆಯ ಅರ್ಥ, ನಿಂತ ಗಡಿಯಾರದ ಅರ್ಥ ಎಲ್ಲ ಹೇಳಿದೆ. ಅವರು ಕನ್ನಡಕ ಸರಿಪಡಿಸಿಕೊಂಡು, ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಈ ಚೊಂಬಲ್ಲಿ ಇರೋನು ಯಾರು?"

ನೋಡಿದೆ. ಫಳಫಳ ತಿಕ್ಕಿದ ಚೊಂಬಿನ ಹೊಟ್ಟೆಯ ಮೇಲೆ, ತೂತುಬಿದ್ದ ಬನಿಯನ್ನು ತೊಟ್ಟು, ಹೊಗೆ ಅಲುಗದಿರಲೆಂದು ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದು ನಾನು ನಿಂತಿದ್ದೆ. ಅಷ್ಟು ಹೊತ್ತು ನೆರಳು ತಿದ್ದಿದವನಿಗೆ ಇದು ಕಂಡಿರಲಿಲ್ಲ.

"ಮೆರೀಬೇಡ, ಎಲ್ಲಾ ವ್ಯರ್ಥ ಅಂತ ತೋರ್ಸೋಕೆ ಇದೊಂದೇ ಸಾಕಾಗಿತ್ತಲ್ಲ" ಎಂದರು ಮಾವ. "ಇದ್ಕೆ ನನ್ ಪೇಟ ಯಾಕ್ ಬೇಕಿತ್ತು?"

ಮೊದಲು ಸಂಜೆಯೊಳಗೆ ಎಂದಿದ್ದ ಬಳಗದವರು, ಆಮೇಲೆ ಸಾವಿನ ಮನೆಯೆಂದು ಕನಿಕರಿಸಿ ನನಗೆ ಎರಡು ದಿನ ಹೆಚ್ಚಿಗೆ ಕೊಟ್ಟಿದ್ದರು. ಸೋಮವಾರ ಸಂಜೆ ಕೆರೆ ಏರಿಯ ಮೇಲೆ ಹೋಗಿ ಒಂದು ಸೂರ್ಯಾಸ್ತ ತೆಗೆದು ಕಳಿಸಿದೆ. ಅದರಲ್ಲೊಂದು ಕಾಗೆಯೂ ಬಿದ್ದಿದೆ.