ಹದಿನೈದನೆಯ ತೋಟಾ

ಕೆಲವರ ಮನೆಯಲ್ಲಿ ಏನು ನಡೆದರೂ ಪಕ್ಕದ ಮನೆಗೆ ಗೊತ್ತಾಗುವುದಿಲ್ಲ. ನಮ್ಮ ಮನೆಯ ಹಣೆಬರಹ ಹಾಗಲ್ಲ. ಇಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಅದೊಂದು ಪ್ರಸಂಗವಾಗಿ ಊರು ಸುತ್ತಿ ಬರುತ್ತದೆ. ಯಾಕೆಂದರೆ ತೂಬಗೆರೆ ಕಡೆಯ ನಮ್ಮ ಊರಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಡೀ ಊರು ಕ್ಯಾನು ಹಿಡಿದು ನನ್ನೆದುರು ಸಾಲಾಗಿ ನಿಲ್ಲುತ್ತದೆ. ನಾನು ಅವರ ಹಾಲು ಅಳೆಯುತ್ತೇನೆ, ಅವರು ನನ್ನನ್ನು ಅಳೆಯುತ್ತಾರೆ.

ಈ ವರ್ಷ ಅವರ ಬಾಯಿಗೆ ಸಿಕ್ಕಿದ್ದು ಕೋವಿಯ ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳಬೇಕೆಂಬ ನನ್ನ ಆಸೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ ಇದೆ. ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸು. ಮುಸುಕಿನ ಜೋಳಕ್ಕೆ ಹಂದಿ ನುಗ್ಗುತ್ತವೆ, ಕಡಲೆಕಾಯಿಗೆ ನವಿಲು ಇಳಿಯುತ್ತವೆ. ಎರಡನ್ನೂ ಕೊಲ್ಲುವ ಹಾಗಿಲ್ಲ, ಹೆದರಿಸಬಹುದು ಅಷ್ಟೆ. ಅಪ್ಪ ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಹದಿನೈದು ತೋಟಾ ಹಾರಿಸಿದ್ದೇನೆ, ಹದಿನೈದೂ ಆಕಾಶಕ್ಕೆ. ನಮ್ಮ ಕೋವಿಯಿಂದ ಇದುವರೆಗೆ ಪೆಟ್ಟು ತಿಂದಿರುವುದು ನನ್ನ ಬಲಭುಜ ಮಾತ್ರ.

ಈಗ ಲೈಸೆನ್ಸು ನವೀಕರಣಕ್ಕೆ ಬಂದಿತ್ತು. ಹೆಂಡತಿ ಹಟ ಹಿಡಿದಳು. "ಹಾಲು ಅಳೆಯೋರಿಗೆ ಕೋವಿ ಯಾಕ್ರೀ? ಸ್ಟೇಷನ್‌ಗೆ ವಾಪಸ್ ಕೊಟ್ಟು ಕೈ ತೊಳ್ಕೊಳ್ಳಿ. ಅತ್ತೆ ನೋಡಿ, ಈ ವಯಸ್ಸಲ್ಲಿ ಮಾವನ ಫೋಟೋ ಮುಟ್ಟಿ ನಶ್ಯ ಬಿಟ್ರು. ನಿಮ್ಮ ಕೈಲಿ ಒಂದು ಕೋವಿ ಬಿಡಕ್ಕಾಗಲ್ವಾ?"

ನನ್ನ ಕೈಲಿ ಆಗುವುದಿಲ್ಲ. ಅಪ್ಪ ದಿನಾ ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಕೊಟ್ಟುಬಿಟ್ಟರೆ ಅಪ್ಪನನ್ನು ಎರಡನೇ ಸಲ ಮನೆಯಿಂದ ಕಳಿಸಿದ ಹಾಗೆ. ಹಾಗಂತ ಹೆಂಡತಿಗೆ ಹೇಳಲು ನಾಚಿಕೆ. ಅದಕ್ಕೇ, "ಕೋವಿ ಬಲು ಉಪಯೋಗದ್ದು ಕಣೇ, ಇನ್ನು ಮೇಲೆ ತೋಟಾನೂ ಮನೇಲೇ ತುಂಬ್ಕೋತೀನಿ" ಎಂದುಬಿಟ್ಟೆ. ಬಾಯಿಗೆ ಬಂದ ಮಾತನ್ನು ಆಮೇಲೆ ನಿಜ ಮಾಡಬೇಕಾಗಿ ಬಂತು.

ಗಡ್ಡದ ಗುರು

ವಿದ್ಯೆ ಕಲಿಯಲು ಗುರು ಬೇಕಲ್ಲ. ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದ ಗಡ್ಡದ ಮನುಷ್ಯ ಸಿಕ್ಕ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಸಣ್ಣ ಕಾರ್ಖಾನೆಯನ್ನೇ ಇಟ್ಟುಕೊಂಡಿದ್ದ. ಮೇಜಿಗೆ ಬಿಗಿದ ಒಂದು ಯಂತ್ರ. ಅದರ ಹಿಡಿ ಎಳೆದರೆ ಕಟಕ್, ಬಿಟ್ಟರೆ ಕಟಕ್. ಖಾಲಿ ತೋಟಾ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹೊಸದಾಗಿ ಬರುತ್ತಿತ್ತು. ಅವನ ಇಂಗ್ಲಿಷಿನಲ್ಲಿ ಹತ್ತಕ್ಕೆ ಎರಡು ಮಾತು ನನಗೆ ತಿಳಿಯುತ್ತಿತ್ತು. ಅದರಲ್ಲಿ ಒಂದು 'ಸಿಂಪಲ್', ಇನ್ನೊಂದು 'ಸೇಫ್ಟಿ'.

ನನಗೆ ಭಾರೀ ಧೈರ್ಯ ಬಂತು. ಹಾಲಿನ ಫ್ಯಾಟನ್ನು ದಶಾಂಶದವರೆಗೆ ಅಳೆದು ಚೀಟಿ ಕೊಡುವ ನನಗೆ ಇದು ಯಾವ ಲೆಕ್ಕ! ಹೆಂಡತಿ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತು ನೋಡಿದಳು.

"ಎಷ್ಟು ಸಲ ಮಾಡಿದಾನಂತೆ ಇವ್ನು ಇದನ್ನ?"

"ಮೂವತ್ತು ವರ್ಷದಿಂದ ಮಾಡ್ತಿದಾನೆ ಕಣೇ. ಕೈ ಪಳಗಿರೋದು ಕಾಣಲ್ವಾ?"

"ಕಾಣ್ತಿದೆ. ಆ ಎಡಗೈನ ಸ್ವಲ್ಪ ನಿಲ್ಲಿಸಿ ನೋಡಿ."

ನಿಲ್ಲಿಸಿದೆ. ಎಣಿಸಿದೆ. ಬೆಳಕು ಸರಿಯಿಲ್ಲವೇನೋ ಎಂದು ಫೋನನ್ನು ಬಾಗಿಲ ಬಳಿ ಒಯ್ದು ಇನ್ನೊಂದು ಸಲ ಎಣಿಸಿದೆ. ನಾಲ್ಕೇ ಬೆರಳಿದ್ದವು.

ಅಂಗಡಿಯ ಯಜಮಾನರು

ಆದರೂ ಬಿಡಲಿಲ್ಲ. ತೋಟಾ ಕೊಳ್ಳುವುದು ಬೆಂಗಳೂರಿನ ಒಂದು ಹಳೇ ಅಂಗಡಿಯಲ್ಲಿ. ಅದರ ಯಜಮಾನರು ಅಪ್ಪನನ್ನು ಬಲ್ಲವರು, ಎಂಬತ್ತರ ಹತ್ತಿರದ ವಯಸ್ಸು. ಎರಡು ಬಸ್ಸು ಬದಲಿಸಿ ಹೋಗಿ, ನಮಸ್ಕಾರ ಹೇಳಿ, ತೋಟಾ ತುಂಬುವ ಮದ್ದು ಬೇಕು ಎಂದೆ. ಬೇಳೆ ಬೇಕು ಎನ್ನುವಷ್ಟು ಸಲೀಸಾಗಿ ಕೇಳಿದೆ.

ಅವರು ಕನ್ನಡಕ ಹಣೆಗೇರಿಸಿ ನನ್ನ ಲೈಸೆನ್ಸು ತಿರುವಿ ಹಾಕಿದರು. "ಇದು ಕೋವಿ ಇಟ್ಕೊಳ್ಳೋದಕ್ಕೆ. ಮನೇಲಿ ತೋಟಾ ತುಂಬಬಹುದು ಅಂತ ಇದರಲ್ಲಿ ಎಲ್ಲಿ ಬರೆದಿದೆ? ಅದಕ್ಕೆ ಬೇರೆ ಪರವಾನಗಿ ಬೇಕು. ಅದಿಲ್ಲದೆ ತುಂಬಿದ್ರೆ ಕೋವಿನೂ ಹೋಗುತ್ತೆ, ನೀವೂ ಹೋಗ್ತೀರಿ."

ನಾನು ಡೈರಿ ಮೀಟಿಂಗಿನಲ್ಲಿ ಮಾತಾಡುವ ಧಾಟಿಯಲ್ಲಿ ಶುರು ಮಾಡಿದೆ. "ಸ್ವಾಮಿ, ನಮ್ಮ ಕೋವಿ, ನಮ್ಮ ತೋಟಾ, ನಮ್ಮ ಹೊಲ. ನಮ್ಮನೇಲಿ ನಾವು ತುಂಬ್ಕೊಂಡ್ರೆ ಸರ್ಕಾರಕ್ಕೇನು ಕಷ್ಟ? ನಾನೇನು ಅಳತೆ ಗೊತ್ತಿಲ್ಲದೋನಾ?"

"ಏನು ಕೆಲಸ ನಿಮ್ದು?"

"ಡೈರಿ ಸೆಕ್ರೆಟರಿ."

"ಹೌದಾ? ನಿಮ್ಮೂರೋರು ಅವರವರ ಹಾಲಿಗೆ ಮನೇಲೇ ಫ್ಯಾಟು ನೋಡ್ಕೊಂಡು, ಅವರೇ ಚೀಟಿ ಬರ್ಕೊಂಡು ಬಂದ್ರೆ ತಗೋತೀರಾ?"

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನನ್ನ ಬಾಯನ್ನು ಹೀಗೆ ಯಾರೂ ಮುಚ್ಚಿಸಿರಲಿಲ್ಲ. ಎದ್ದು ಹೊರಟೆ. ಹಿಂದಿನಿಂದ ಕೂಗಿ ಹೇಳಿದರು. "ನವೀಕರಣಕ್ಕೆ ಸ್ಟೇಷನ್‌ನೋರು ಖಾಲಿ ತೋಟಾ ಕೇಳ್ತಾರೆ. ಹದಿನೈದು ತಗೊಂಡಿದೀರಿ, ಹದಿನೈದೂ ತೋರಿಸ್ಬೇಕು. ಒಂದು ಕಮ್ಮಿ ಆದ್ರೂ ಆ ತೋಟಾ ಎಲ್ಲಿ, ಯಾರಿಗೆ ಕೊಟ್ಟೆ ಅಂತ ಶುರುವಾಗುತ್ತೆ. ಇಟ್ಟಿದೀರಿ ತಾನೆ?"

"ಅಟ್ಟದ ಮೇಲೆ ಬಿಸ್ಕತ್ ಡಬ್ಬೀಲಿ ಭದ್ರವಾಗಿದೆ" ಎಂದೆ. ಡಬ್ಬಿ ಭದ್ರವಾಗಿಯೇ ಇತ್ತು.

ರಾಗಿಯ ಪ್ರಯೋಗ

ಪರವಾನಗಿಗೆ ಅರ್ಜಿ ಹಾಕಿದರಾಯಿತು, ಅಷ್ಟರಲ್ಲಿ ಕೈ ಪಳಗಿಸಿಕೊಳ್ಳೋಣ ಎನ್ನಿಸಿತು. ಮದ್ದಿನ ಬದಲು ರಾಗಿ, ಸೀಸದ ಚರೆಗುಂಡಿನ ಬದಲು ಸಾಸಿವೆ, ತೋಟಾದ ಬದಲು ಕತ್ತರಿಸಿದ ನೀರಿನ ಪೈಪಿನ ತುಂಡು. ಇದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲವಲ್ಲ. ಬೆಳಗಿನ ಹಾಲಿನ ಗಾಡಿ ಹೋದ ಮೇಲೆ ಡೈರಿಯ ತಕ್ಕಡಿಯ ಮೇಲೆ ಒಂದು ಚಮಚ ರಾಗಿ ಇಟ್ಟೆ. ತುಂಬಿದ ಕ್ಯಾನು ತೂಗಿ ಅಭ್ಯಾಸವಾದ ತಕ್ಕಡಿ ಅದು. ಸೊನ್ನೆ ತೋರಿಸಿತು. ಇನ್ನೊಂದು ಚಮಚ ಹಾಕಿದೆ. ಆಗಲೂ ಸೊನ್ನೆ.

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಬಂದು ನಿಂತ. ಎರಡು ಎಮ್ಮೆ ಸಾಕಿರುವ ಆಸಾಮಿ. ಅವನ ಎಮ್ಮೆಗಳು ಹಾಲಿನ ಜೊತೆಗೆ ನೀರನ್ನೂ ಕರೆಯುತ್ತವೆ ಎನ್ನುವುದು ನನಗೂ ಅವನಿಗೂ ಇರುವ ಹಳೇ ತಕರಾರು. ಹಿಂದಿನ ದಿನವೇ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಕಮ್ಮಿ ಎಂದು ಅವನ ಹಾಲು ವಾಪಸ್ಸು ಕಳಿಸಿದ್ದೆ.

"ಏನ್ ಗುರು, ರಾಗಿ ತೂಗ್ತಿದೀಯಾ?"

"ತೋಟಾ ತುಂಬೋದು ಕಲೀತಿದೀನಿ."

"ಯಾರಿಗೆ?"

ಹಂದಿಗೆ ಎಂದು ಹೇಳಬೇಕಿತ್ತು. ಆದರೆ ಪೈಪಿನೊಳಗಿನ ಸಾಸಿವೆ ಚೆಲ್ಲುತ್ತಿತ್ತು. ಆ ಸಿಟ್ಟಿನಲ್ಲಿ ತಲೆಯೆತ್ತದೆ, "ನೀರು ಹಾಕೋರಿಗೆ" ಎಂದೆ.

ಅವನು ಮಾತಿಲ್ಲದೆ ಹೋದ. ಮಾತು ಮಾತ್ರ ಅವನಿಗಿಂತ ಮುಂಚೆ ಊರು ತಲುಪಿತು. ಅವತ್ತು ಸಂಜೆ ಸಾಲಿನಲ್ಲಿ ಒಬ್ಬರೂ ಜಗಳವಾಡಲಿಲ್ಲ, ಒಬ್ಬರೂ ಅಳತೆ ತಪ್ಪು ಎನ್ನಲಿಲ್ಲ. ನಾನು ಸೆಕ್ರೆಟರಿಯಾದ ಮೇಲೆ ನಮ್ಮೂರ ಹಾಲಿಗೆ ಅಂಥ ಡಿಗ್ರಿ ಬಂದಿದ್ದು ಅದೊಂದೇ ಸಂಜೆ.

ಹೆಸರಿಲ್ಲದ ಅರ್ಜಿ

ಒಂದು ವಾರ ಕಳೆದು, ಬೆಳಿಗ್ಗೆ ಹಾಲು ಮುಗಿಸಿ ಮನೆಗೆ ಬಂದು ತಿಂಡಿಗೆ ಕೂತಿದ್ದೆ. ಬಾಗಿಲಲ್ಲಿ ಜೀಪು ನಿಂತಿತು. ಸಬ್‌ಇನ್ಸ್‌ಪೆಕ್ಟರ್ ಇಳಿದರು. ರೈತರ ಮನೆಯಿಂದ ಬಂದ ಹುಡುಗನಂತಿದ್ದರು, ಮರ್ಯಾದೆಯ ಮನುಷ್ಯ.

"ನವೀಕರಣದ ಪರಿಶೀಲನೆಗೆ ಬರ್ಲೇಬೇಕಿತ್ತು. ಜೊತೆಗೆ ನಿಮ್ಮ ಮೇಲೊಂದು ಮೂಗರ್ಜಿ ಬಂದಿದೆ. ಮನೇಲಿ ಕದ್ದು ಮುಚ್ಚಿ ತೋಟಾ ತಯಾರು ಮಾಡ್ತೀರಂತೆ. ಬಡ ರೈತರಿಗೆ ಹಾರಿಸ್ತೀನಿ ಅಂತ ಹೆದರಿಸ್ತೀರಂತೆ."

"ಯಾರು ಸಾರ್ ಬರೆದಿದ್ದು?"

"ಹೆಸರಿಲ್ಲ ಕಣ್ರೀ. ಊರಿನ ನೊಂದ ನಾಗರಿಕ ಅಂತ ಇದೆ." ಕಾಗದವನ್ನು ನನ್ನ ಕೈಗೆ ಕೊಟ್ಟರು.

ಅಂಗೈಯಗಲದ ಚೀಟಿ. ಎಲ್ಲೋ ನೋಡಿದ ಕಾಗದದಂತೆ ಕಂಡು ತಿರುಗಿಸಿದೆ. ನಮ್ಮ ಡೈರಿಯ ಚೀಟಿಯೇ! ಸದಸ್ಯರ ನಂಬರು, ದಿನಾಂಕ, ಫ್ಯಾಟು, ಡಿಗ್ರಿ, ಎಲ್ಲ ನಾನೇ ಮಿಷನ್ನಿನಲ್ಲಿ ಅಚ್ಚು ಹಾಕಿ ಕೊಟ್ಟದ್ದು. ಮೂಗರ್ಜಿ ಬರೆಯಲು ಆ ಎಮ್ಮೆಯ ಆಸಾಮಿಗೆ ಬೇರೆ ಕಾಗದ ಸಿಕ್ಕಿರಲಿಲ್ಲ.

ಸಬ್‌ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಹುಬ್ಬೇರಿಸಿ ಕೇಳಿದರು. "ಇದು ಹಸು ಹಾಲಾ?"

"ಎಮ್ಮೆದು ಸಾರ್."

"ಎಮ್ಮೆ ಹಾಲಿಗೆ ಇಷ್ಟೇ ಫ್ಯಾಟಾ? ಇವನ ಮೇಲೆ ನೀವು ಅರ್ಜಿ ಕೊಡ್ಬೇಕಿತ್ತಲ್ರೀ!"

ಹದಿನೈದನೆಯದು

ನಗು ಅಲ್ಲಿಗೆ ಮುಗಿಯಿತು. "ಆಯ್ತು, ಖಾಲಿ ತೋಟಾ ತನ್ನಿ, ಎಣಿಸ್ಬಿಡೋಣ" ಎಂದರು.

ಅಟ್ಟ ಹತ್ತಿದೆ. ಬಿಸ್ಕತ್ ಡಬ್ಬಿ ತೆಗೆದೆ. ಒಳಗೆ ದೀಪದ ಬತ್ತಿಗಳಿದ್ದವು. ಬತ್ತಿಗಳನ್ನು ಸರಿಸಿ ತಳದವರೆಗೆ ಕೈಯಾಡಿಸಿದೆ. ಒಂದು ಕಮ್ಮಿಯಾದರೇ ಕಷ್ಟವಂತೆ, ನನ್ನ ಹತ್ತಿರ ಒಂದೂ ಇಲ್ಲ. ಅಪ್ಪನ ಕೋವಿ ಹೋಯಿತು ಎಂದುಕೊಂಡೆ.

"ಡಬ್ಬೀಲಿದ್ದ ತೋಟಾ ಎಲ್ಲೇ?"

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಖಾಲಿದು ಅಲ್ವಾ? ದೀಪಾವಳೀಲಿ ಅಟ್ಟ ಗುಡಿಸಿದಾಗ ಬಿಸಿನೀರಲ್ಲಿ ತೊಳೆದು ಅತ್ತೆಗೆ ಕೊಟ್ಟೆ. ನಿಮಗೆ ಉಪಯೋಗಕ್ಕೆ ಬರದ್ದು ಅವರಿಗಾದ್ರೂ ಬರ್ಲಿ ಅಂತ."

ನಡುಮನೆಯ ಮೂಲೆಯಲ್ಲಿ ಅಮ್ಮನ ಮಂಚ. ಅದರ ಮರೆಯ ಗೂಡಿನಲ್ಲಿ, ನಾನೆಂದೂ ಬಗ್ಗಿ ನೋಡದ ಕಡೆ, ಸ್ಟೀಲ್ ತಟ್ಟೆ. ಅದರಲ್ಲಿ ಸಾಲಾಗಿ ನಿಂತಿದ್ದವು ನನ್ನ ತೋಟಾಗಳು. ಕೆಂಪು ಪ್ಲಾಸ್ಟಿಕ್ಕಿನವು ಏಳು, ಹಸಿರಿನವು ಏಳು, ಹಿತ್ತಾಳೆಯ ತಳ ಫಳಫಳ ಎನ್ನುತ್ತಿತ್ತು. ಪ್ರತಿಯೊಂದರ ಬಾಯಿಗೂ ಹತ್ತಿ ತುರುಕಿ ಮುಚ್ಚಿತ್ತು. ಅಂದರೆ ಅವು ಖಾಲಿಯಿರಲಿಲ್ಲ, ತುಂಬಿದ್ದವು!

ಸಬ್‌ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಎರಡು ಹೆಜ್ಜೆ ಸರಿದೆ. "ಏನಜ್ಜಿ ತುಂಬಿದೀರಾ ಇದ್ರಲ್ಲಿ?"

"ಮಾತ್ರೆ ಕಣಪ್ಪಾ. ಬಿಪಿದು, ಸಕ್ಕರೆದು. ನಂಗೆ ಓದಕ್ಕೆ ಬರಲ್ಲ. ಕೆಂಪು ಬೆಳಿಗ್ಗೆ, ಹಸಿರು ರಾತ್ರಿ. ಭಾನುವಾರ ಭಾನುವಾರ ತುಂಬಿಟ್ಕೋತೀನಿ, ಈ ವಾರದ್ದು ಈಗ ತಾನೇ ಆಯ್ತು."

ನಾನು ತಿಂಗಳುಗಟ್ಟಲೆ ಒದ್ದಾಡಿದ ವಿದ್ಯೆಯನ್ನು ನಮ್ಮಮ್ಮ ಯಾವ ಗಡ್ಡದ ಗುರುವೂ ಇಲ್ಲದೆ ಕಲಿತಿದ್ದಳು. ಸಬ್‌ಇನ್ಸ್‌ಪೆಕ್ಟರ್ ಒಂದೊಂದೇ ಹತ್ತಿ ತೆಗೆದು, ನೋಡಿ, ಎಣಿಸಿದರು. "ಇಂಥದ್ರಲ್ಲಿ ಮಾತ್ರೆ ಇಡಬಾರದಜ್ಜಿ, ಡಾಕ್ಟರ್ ಕೇಳಿದ್ರೆ ಬೈತಾರೆ" ಎಂದು ಬುದ್ಧಿ ಹೇಳಿದರು. ಆಮೇಲೆ ಪೆನ್ನು ನಿಲ್ಲಿಸಿದರು. "ಹದಿನಾಲ್ಕಿದೆ. ಇನ್ನೊಂದು?"

ಮಂಚದ ಕೆಳಗೆ ಹುಡುಕಿದೆವು. ಬಚ್ಚಲಲ್ಲಿ, ಹಿತ್ತಲಲ್ಲಿ, ತುಳಸಿಕಟ್ಟೆಯ ಸುತ್ತ ಹುಡುಕಿದೆವು. ಇಲ್ಲ. ಸಬ್‌ಇನ್ಸ್‌ಪೆಕ್ಟರಿಗೂ ಬೇಜಾರಾಗಿತ್ತು. "ಸೆಕ್ರೆಟರಿಯೋರೇ, ಮೂಗರ್ಜಿ ಬೇರೆ ಇದೆ. ಒಂದು ಇಲ್ಲ ಅಂತ ಬರೆದ್ರೆ ಮೇಲಿನೋರು ನವೀಕರಣ ಮಾಡಲ್ಲ. ಕೋವಿ ಸ್ಟೇಷನ್‌ಗೆ ತಂದೊಪ್ಪಿಸ್ಬೇಕಾಗುತ್ತೆ."

ಗೋಡೆಗೆ ಒರಗಿಸಿದ್ದ ಕೋವಿಯನ್ನು ನೋಡಿದೆ. ಅದರ ಮೇಲಿದ್ದ ಅಪ್ಪನ ಫೋಟೋ ನೋಡಿದೆ. ಕಣ್ಣು ತುಂಬಿ ಬಂತು. ಅಷ್ಟು ದಿನ ಕೋವಿ ಕೊಟ್ಟುಬಿಡಿ ಎನ್ನುತ್ತಿದ್ದ ಹೆಂಡತಿ ಕೂಡ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ಅಮ್ಮ ನನ್ನ ಮುಖ ನೋಡಿದಳು. ಅಪ್ಪನ ಫೋಟೋ ನೋಡಿದಳು. ಫೋಟೋ ಕಡೆಗೆ ಕೈಯೆತ್ತಿ ಒಂದು ಸಲ ಮುಗಿದಳು. ಆಮೇಲೆ ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಸಂಚಿ ಬಿಚ್ಚಿ, ಅದರ ತಳಕ್ಕೆ ಕೈ ಹಾಕಿ, ಒಂದು ಕೆಂಪು ತೋಟಾ ತೆಗೆದು ತಲೆ ತಗ್ಗಿಸಿ ಮುಂದೆ ಹಿಡಿದಳು.

ಸಬ್‌ಇನ್ಸ್‌ಪೆಕ್ಟರ್ ಹತ್ತಿ ತೆಗೆದರು. ಒಳಗೆ ಮಾತ್ರೆ ಇರಲಿಲ್ಲ. ಬಾಯಿಯವರೆಗೆ ಕಪ್ಪನೆ ಪುಡಿ.

"ಮದ್ದು!" ಎಂದರು. ಮುಖ ಗಂಭೀರವಾಯಿತು. ನಾನು ಸತ್ತೇ ಹೋದೆ ಎಂದುಕೊಂಡೆ. ಎಂಥ ಮದ್ದು ಎಂದು ತಿಳಿಯಲು ಅವರು ತೋಟಾವನ್ನು ಮೂಗಿನ ಹತ್ತಿರ ತಂದು ಜೋರಾಗಿ ಉಸಿರೆಳೆದರು.

ಅಪ್ಪನ ಕೋವಿ ಕೂಡ ಅಂಥ ಸದ್ದು ಮಾಡಿದ್ದಿಲ್ಲ. ಮೊದಲ ಸೀನಿಗೆ ಟೋಪಿ ಹೋಯಿತು. ಎರಡನೆಯದಕ್ಕೆ ತಟ್ಟೆಯಲ್ಲಿದ್ದ ತೋಟಾ ಉರುಳಿದವು. ಮೂರನೆಯದಕ್ಕೆ ಹಿತ್ತಲಿನ ಕೋಳಿಗಳು ಗೋಡೆ ಹಾರಿದವು. ಏಳನೆಯದರ ಹೊತ್ತಿಗೆ ಜೀಪಿನ ಡ್ರೈವರ್ ಒಳಗೆ ಓಡಿಬಂದ.

"ನಶ್ಯಾನಾ ಅತ್ತೆ?" ಎಂದಳು ಹೆಂಡತಿ. "ಮಾವನ ಫೋಟೋ ಮುಟ್ಟಿ ಬಿಟ್ಟಿದ್ರಲ್ಲ!"

"ಎಲ್ಲಾ ಬಿಟ್ಟೆ ಕಣವ್ವ" ಎಂದಳು ಅಮ್ಮ, ಸಣ್ಣ ದನಿಯಲ್ಲಿ. "ಇದೊಂದು ತೋಟಾದಷ್ಟು ಮಾತ್ರ ಇಟ್ಕೊಂಡಿದ್ದೆ."

ಸಬ್‌ಇನ್ಸ್‌ಪೆಕ್ಟರ್ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ವರದಿ ಬರೆದರು. ಹದಿನೈದೂ ಸರಿಯಾಗಿವೆ, ಲೈಸೆನ್ಸುದಾರರು ಮನೆಯಲ್ಲಿ ತೋಟಾ ತುಂಬಿದ್ದಕ್ಕೆ ಯಾವ ಆಧಾರವೂ ಇಲ್ಲ. ಬರೆದು ಮುಗಿಸಿ ನನ್ನ ಕಡೆ ನೋಡಿದರು. "ನೀವು ತುಂಬಿಲ್ಲ, ಸರಿ. ನಿಮ್ಮ ತಾಯಿಗೆ ಮಾತ್ರ ಬೇರೆ ಪರವಾನಗಿ ಬೇಕಾಗುತ್ತೆ."

ಕೋವಿ ಉಳಿಯಿತು. ನಾನು ಹೋಗಿ ಅಮ್ಮನ ಕಾಲಿನ ಹತ್ತಿರ ಕೂತೆ. ನನಗೋಸ್ಕರ, ಅಪ್ಪನಿಗೋಸ್ಕರ ಆಕೆ ತನ್ನ ಮಾನವನ್ನೇ ಸಂಚಿಯಿಂದ ತೆಗೆದು ಕೊಟ್ಟಿದ್ದಳು. "ಅಮ್ಮಾ" ಎಂದು ಏನೋ ಹೇಳಲು ಹೊರಟೆ. ಅಮ್ಮ ನನ್ನನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯನ್ನು ಸಬ್‌ಇನ್ಸ್‌ಪೆಕ್ಟರ್ ಕಡೆ ಚಾಚಿದಳು.

"ಎಣಿಸಿದ್ದಾಯ್ತಲ್ಲಪ್ಪಾ, ಆ ಕೊನೇದು ಇತ್ಲಾಗ್ ಕೊಡು. ನೀನೊಬ್ನೇ ಅರ್ಧ ಖಾಲಿ ಮಾಡ್ಬಿಟ್ಟೆ, ನಂದಿನ್ನೂ ಬೆಳಗಿಂದೇ ಆಗಿಲ್ಲ."