ಮುದಿ ಕಂಪ್ಯೂಟರಿನ ಮುಂದೆ ಮೂರು ಮಧ್ಯಾಹ್ನ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ಒಂದು ಕೋಣೆ, ಎರಡು ಬೆಂಚು, ಒಂದು ಕಂಪ್ಯೂಟರು. ಇಂಥ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಪ್ರಸಂಗಗಳು ತಾವಾಗಿಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂಡುತ್ತವೆ.

ಕಂಪ್ಯೂಟರಿಗೆ ಹದಿಮೂರು ವರ್ಷ. ಉಳಿದದ್ದೆಲ್ಲ ಸರಿ, ಬ್ರೌಸರ್ ತೆರೆದರೆ ಮಾತ್ರ ಅದಕ್ಕೆ ತಲೆ ಸುತ್ತು ಬರುತ್ತದೆ. ಒಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಪುಟ ಬೆಳ್ಳಗಾಗುತ್ತದೆ, ಆಮೇಲೆ ಬ್ರೌಸರೇ ಮಾಯ. ಬೇರೆಯವರಾಗಿದ್ದರೆ ಹೊಸದು ತರುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತೇನೆ. ಅಲ್ಲಿ ಮಲಗಿದ ಬುದ್ಧನ ಗುಡ್ಡ. ಹಣೆ, ಮೂಗು, ಗದ್ದ, ಎದೆ. ಮೋಡದ ನೆರಳು ಎದೆಯ ಮೇಲೆ ಹಾದಾಗ ಉಸಿರಾಡಿದಂತೆ ಕಾಣುತ್ತದೆ. ಅವನು ಮಲಗಿದ್ದಾನೆ, ನಾನು ಕೂತಿದ್ದೇನೆ, ನಮ್ಮಿಬ್ಬರಲ್ಲಿ ಅಷ್ಟೇ ವ್ಯತ್ಯಾಸ. ಚಕ್ರ ತಿರುಗುವಷ್ಟು ಹೊತ್ತು ನಾನು ಈ ಲೋಕದಲ್ಲಿ ಇರುವುದಿಲ್ಲ. ನಿಜ ಹೇಳಬೇಕೆಂದರೆ ಆ ಸುಖಕ್ಕಾಗಿಯೇ ಹಳೆಯ ಕಂಪ್ಯೂಟರನ್ನು ಇಟ್ಟುಕೊಂಡಿದ್ದೇನೆ, ಆದರೆ ಹೆಂಡತಿ ನಂಬುವುದಿಲ್ಲ.

ಎತ್ತಿನ ಜ್ವರ

ಒಂದು ಮಳೆಗಾಲದಲ್ಲಿ ಸುರಪುರ ರಸ್ತೆಯ ಒಂದು ಹಳ್ಳಿಯಿಂದ ಹೆಣ್ಣುಮಗಳೊಬ್ಬಳು ಬಂದಳು. ಮೂವತ್ತರ ಆಸುಪಾಸು, ಹೊಲಿಗೆ ಕೆಲಸದವಳು. ಅವರ ಊರ ಗ್ರಂಥಾಲಯಕ್ಕೆ ಮೇಲ್ವಿಚಾರಕರು ಬೇಕೆಂದು ಅರ್ಜಿ ಕರೆದಿದ್ದರು. ಕೊನೆಯ ದಿನಕ್ಕೆ ಒಂದು ವಾರ ಬಾಕಿ ಇತ್ತು.

"ಗ್ರಂಥಾಲಯ ಅಂದ್ರ ಕೀಲಿ ಹಾಕಿದ ಖೋಲಿರಿ," ಎಂದಳು. "ಒಳಗ ಎರಡು ಕಪಾಟು ಪುಸ್ತಕ ಅದಾವ. ಅದರ ಮುಂದ ಯಾರದೋ ಜೋಳದ ಚೀಲ ಒಟ್ಟ್ಯಾರ. ಸಣ್ಣಾಕಿ ಇದ್ದಾಗಿಂದ ಕಿಟಕ್ಯಾಗ ಇಣಿಕಿ ನೋಡಾಕತ್ತೇನಿ. ಆ ಕೀಲಿಕೈ ನನ್ನ ಕೈಯಾಗ ಬರಬೇಕ್ರಿ, ಅಷ್ಟs."

ನನಗೆ ಆಕೆಯ ಮಾತು ಬಹಳ ಹಿಡಿಸಿತು. ಹುರುಪಿನಿಂದ ತುಂಬತೊಡಗಿದೆ. ಫೋಟೋ ಏರಿಸುವ ಹೊತ್ತಿಗೆ ಬ್ರೌಸರ್ ಬಿತ್ತು. ಮತ್ತೆ ಏರಿಸಿದೆ, ಮತ್ತೆ ಬಿತ್ತು.

ಬೆಂಚಿನ ಮೇಲೆ ಕಕ್ಕೇರಾದ ಒಬ್ಬ ಹಿರಿಯ ರೈತ ತನ್ನ ಪಾಳಿಗೆ ಕಾಯುತ್ತಿದ್ದ. ಎದ್ದು ಬಂದು ಪರದೆಯ ತುದಿಯಲ್ಲಿ ಸಾಲಾಗಿ ತೆರೆದಿದ್ದ ಟ್ಯಾಬುಗಳನ್ನು ಬೆರಳಿನಿಂದ ಎಣಿಸಿದ.

"ಇವೆಲ್ಲ ಏನ್ರಿ?"

"ಬ್ಯಾರೆ ಬ್ಯಾರೆ ಕೆಲಸರಿ."

"ಒಂದ ಎತ್ತಿಗೆ ಹದಿನೇಳು ಬಂಡಿ ಕಟ್ಟೀರಿ. ಬೀಳಲಾರದ ಏನ್ ಮಾಡ್ತದ? ಬಿಚ್ರಿ ಮೊದಲು."

ಒಂದೊಂದಾಗಿ ಬಿಚ್ಚಿದೆ. ಬ್ರೌಸರ್ ನಿಜವಾಗಿಯೂ ಚುರುಕಾಯಿತು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವ ನನಗೆ ಇಷ್ಟು ಹೊಳೆಯಬಾರದೇ ಎಂದು ನಾಚಿಕೆಯಾಗಿ, ನಾಚಿಕೆ ಮರೆಯಲು ಗುಡ್ಡದ ಕಡೆ ನೋಡಿದೆ. ತಿರುಗಿ ನೋಡುವಷ್ಟರಲ್ಲಿ ಆತ ಕಂಪ್ಯೂಟರ್ ಡಬ್ಬಿಯ ಬೆನ್ನಿನ ಮೇಲೆ ಕೈಯಿಟ್ಟು, "ಮೈ ಕಾದದ" ಎನ್ನುತ್ತ ತನ್ನ ಟವಲನ್ನು ಮೂಲೆಯಲ್ಲಿದ್ದ ಕೊಡದ ನೀರಿನಲ್ಲಿ ಅದ್ದಿ, ಹಿಂಡದೆಯೇ ಹೊದಿಸಲು ಹೊರಟಿದ್ದ. ನಾನು ಚೀರಿಕೊಂಡು ಅವನ ಕೈಗೆ ಜೋತುಬಿದ್ದೆ. ಗಾಬರಿಯಲ್ಲಿ ನನ್ನ ಕಾಲೇ ತಗುಲಿ ವೈರು ಕಿತ್ತುಬಂದು ಎಲ್ಲವೂ ಆರಿಹೋಯಿತು.

ಆತ ಹಸಿ ಟವಲನ್ನು ಸಮಾಧಾನದಿಂದ ನನ್ನ ತಲೆಯ ಮೇಲೆ ಹಾಕಿ ಆಕೆಗೆ ಹೇಳಿದ: "ಎತ್ತಿಗಲ್ಲ ಬಿಡವಾ, ಜ್ವರ ಮಾಲೀಕಗ ಬಂದದ."

ವರನ ಗುಣ

ಅವತ್ತು ಆರಿದ ಕಂಪ್ಯೂಟರು ಸಂಜೆಯವರೆಗೂ ಏಳಲಿಲ್ಲ. ಮೂರು ದಿನ ಬಿಟ್ಟು ಗ್ರಂಥಾಲಯದ ಹೆಣ್ಣುಮಗಳು ಮತ್ತೆ ಬಂದಳು, ನಾನು ಹೇಳಿದಂತೆ ಫೋಟೋ ಚಿಕ್ಕದು ಮಾಡಿಸಿಕೊಂಡು. ಅವಳಿಗಿಂತ ಮುಂಚೆ ಗಂಡಹೆಂಡತಿ ಇಬ್ಬರು ಕೂತಿದ್ದರು. ಮಗಳಿಗೆ ವರ ನೋಡುತ್ತಿದ್ದರು. ಗಂಡ ಚಷ್ಮಾ ಮರೆತು ಬಂದಿದ್ದ, "ನೀವs ಓದಿ ಹೇಳ್ರಿ" ಎಂದ.

ವರನ ಪುಟ ತೆರೆದೆ. ಮುಖ ಅರ್ಧ ಬಂದಿತ್ತು, ಬ್ರೌಸರ್ ಬಿತ್ತು. ಬಿದ್ದದ್ದು ಎದ್ದಾಗ ಅದೊಂದು ಪ್ರಶ್ನೆ ಕೇಳುತ್ತದೆ, ಹಳೆಯ ಪುಟ ಮರಳಿ ತರಲೇ ಎಂದು. ಹೂಂ ಎಂದು ಒತ್ತಿದೆ. ಚಕ್ರ ತಿರುಗಿತು. ಗುಡ್ಡದ ಮೇಲೆ ಆಗಷ್ಟೇ ಮಳೆ ನಿಂತು ಬುದ್ಧನ ಗದ್ದ ಹೊಳೆಯುತ್ತಿತ್ತು. ನನ್ನ ಮನಸ್ಸು ಅಲ್ಲಿ, ಬಾಯಿ ಮಾತ್ರ ಇಲ್ಲಿ. ಓದಿದೆ:

"ಬಣ್ಣ ಕಪ್ಪು. ಗಟ್ಟಿ ಮೈಕಟ್ಟು."

"ಇರ್ಲಿ, ದುಡಿಯೋ ಮೈ," ಎಂದ ತಂದೆ.

"ಶಾಂತ ಸ್ವಭಾವ. ಯಾರನ್ನೂ ಒದೆಯುವುದಿಲ್ಲ."

"ಬಾಳ ಚಲೋ ಆತು. ಮುಂದ ಓದ್ರಿ."

"ಎರಡು ಸಲ ಕರು ಹಾಕಿದೆ."

ಗ್ರಂಥಾಲಯದ ಹೆಣ್ಣುಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಾಗಲೇ ನಾನು ಪರದೆ ನೋಡಿದ್ದು. ಬೆಳಿಗ್ಗೆ ಯಾರೋ ತೆರೆದಿದ್ದ ಎಮ್ಮೆ ಮಾರಾಟದ ಪುಟ. ಎಮ್ಮೆ ನನ್ನನ್ನೇ ನೋಡುತ್ತಿತ್ತು. ನಾನು ಕೈಮುಗಿದು ತಪ್ಪಾಯಿತು ಎಂದೆ. ತಂದೆ ಸಿಡಿಮಿಡಿಗೊಂಡ. ಆದರೆ ತಾಯಿ ನಿಧಾನವಾಗಿ ಬಾಯಿ ಬಿಟ್ಟಳು.

"ಅವರಿಗೆ ಯಾಕ ಬಯ್ತೀರಿ? ಒದೆಯೋದಿಲ್ಲ ಅಂತ ಮೊದಲs ಬರೆದು ಕೊಟ್ಟಾರ. ನನ್ನ ಕೊಡೂಮುಂದ ನಮ್ಮಪ್ಪ ಈ ಒಂದು ಮಾತು ಕೇಳಿದ್ರ ಸಾಕಾಗಿತ್ತು."

ಅವತ್ತು ಗುಡ್ಡ ನೋಡುವ ಸರದಿ ಆ ಗಂಡನದು.

ಹೆಸರು

ಆ ಗಂಡಹೆಂಡತಿ ಹೋಗುವ ಹೊತ್ತಿಗೆ ಕರೆಂಟೂ ಹೋಗಿತ್ತು. ಹಾಗಾಗಿ ಗ್ರಂಥಾಲಯದ ಹೆಣ್ಣುಮಗಳು ಮೂರನೆಯ ಸಲ ಬಂದದ್ದು ಕಟ್ಟಕಡೆಯ ದಿನ. ಸಂಜೆ ಐದಕ್ಕೆ ಅರ್ಜಿ ಮುಚ್ಚುತ್ತದೆ. ಈ ಸಲ ಗಂಡ ಮೋಟಾರು ಸೈಕಲ್ಲಿನ ಮೇಲೆ ಕರೆತಂದಿದ್ದ. ಒಳಗೆ ಜಾಗವಿಲ್ಲದೆ ಎದುರಿನ ಬೇವಿನ ಮರದ ಕೆಳಗೆ ಗಾಡಿಯ ಮೇಲೆಯೇ ತೂಕಡಿಸುತ್ತಿದ್ದ. ಬೆಂಚುಗಳ ತುಂಬ ಪಿಂಚಣಿಯ ಕೆಲಸಕ್ಕೆ ಬಂದ ಹೆಂಗಸರು. ಅವರನ್ನೆಲ್ಲ ಕಾಯಿಸಿ ಮೊದಲು ಆಕೆಯ ಅರ್ಜಿ ತೆರೆದೆ.

ನಾಲ್ಕೂಕಾಲಿಗೆ ಫೋಟೋ ಏರಿತು! ಮುಂದಿನ ಪುಟ ಬಂತು. "ಗಂಡನ ಹೆಸರು ಹೇಳ್ರಿ" ಎಂದೆ.

ಆಕೆ ತಲೆ ತಗ್ಗಿಸಿದಳು. ಆಕೆಯ ಗುರುತಿನ ಚೀಟಿಯಲ್ಲಿ ಇನ್ನೂ ತಂದೆಯ ಹೆಸರೇ ಇತ್ತು. ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳುವುದುಂಟೇ? ಹೇಳಲೇಬೇಕಾದರೆ ಪದ ಕಟ್ಟಿ, ಅದರೊಳಗೆ ಇಟ್ಟು, ಒಡಪು ಹಾಕಿ ಹೇಳಬೇಕು. ಬೆಂಚಿನ ಹೆಂಗಸರು ಬಿಡುತ್ತಾರೆಯೇ? "ಒಡಪು ಹಾಕವಾ!" ಎಂದು ಹುರಿದುಂಬಿಸಿದರು. ಆಕೆ ಕಣ್ಣು ಮುಚ್ಚಿ ಹೇಳಿದಳು:

"ಹೊಳಿ ದಂಡಿ ಮ್ಯಾಲ ಹಸರ ಸೀರಿ ಹರವೀನಿ,
ಭೀಮರಾಯರ ಹೆಸರ ಬಾಯಾಗ ಮರೆಸೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಮುಂದೆ ತಿಂಥಣಿಯ ಹೊಳೆ ಬಂತು, ಬಂಡೆಯ ಮೇಲೆ ಒಣಗುವ ಹಸಿರು ಸೀರೆ ಬಂತು, ಗಾಳಿ ಬಂತು. ಹೆಸರು ಹೊಡೆದೆ. ಬ್ರೌಸರ್ ಬಿತ್ತು.

ಮತ್ತೆ ಮೊದಲಿನಿಂದ ತುಂಬಿ ಅದೇ ಜಾಗಕ್ಕೆ ಬಂದಾಗ ನಾಲ್ಕು ಮುಕ್ಕಾಲು. ಹೊಳೆ ನೆನಪಿತ್ತು, ಸೀರೆ ನೆನಪಿತ್ತು, ಹೆಸರು ಮಾತ್ರ ಮರೆತುಹೋಗಿತ್ತು. ಹೆದರುತ್ತಲೇ ಕೇಳಿದೆ. "ಹಳೇ ಒಡಪು ನಡಿಯಂಗಿಲ್ಲ, ಹೊಸಾದು ಹಾಕು" ಎಂದಿತು ಬೆಂಚು. ಆಕೆ ಹಲ್ಲು ಕಚ್ಚಿಕೊಂಡು ಹಾಕಿದಳು:

"ಗುಡ್ಡದ ಮ್ಯಾಲ ಮೋಡ, ಗಡಿಗ್ಯಾಗ ಮೊಸರ,
ಗದ್ದಲದಾಗ ಕೇಳ್ರಿ ಭೀಮರಾಯರ ಹೆಸರ."

ನಾನು ಗುಡ್ಡ ನೋಡಿದೆ. ಮೋಡ ನಿಜವಾಗಿಯೂ ಇತ್ತು. ಬ್ರೌಸರ್ ಬಿತ್ತು.

ಒಂದು ಚೀಟಿಯ ಮೇಲೆ ಬರೆದುಕೊಡಿ ಅನ್ನಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಮರುದಿನ ಸ್ನಾನ ಮಾಡುವಾಗ. ಅವತ್ತು ಮೂರನೆಯ ಸಲ ಆ ಜಾಗಕ್ಕೆ ಬಂದು ನಿಂತಾಗ ಐದಕ್ಕೆ ಮೂರು ನಿಮಿಷ. ಹೆಸರು ಮತ್ತೆ ಹಾರಿಹೋಗಿತ್ತು, ನಾನು ಆಕೆಯ ಮುಖ ನೋಡಿದೆ. ಬೆಂಚು ಮತ್ತೆ ಹೊಸ ಒಡಪು ಕೇಳಿತು.

"ಕಂಪ್ಯೂಟರ ಮುಂದ ಕುಂತು ಕಾಲು ಜೋಮು ಹಿಡದಾವ..." ಎಂದು ಶುರುಮಾಡಿ ತಡೆದಳು.

"ಮುಂದ? ಮುಂದ?" ಎಂದರು ಹೆಂಗಸರು.

"ಮುಂದ ಏನಿಲ್ಲ! ಭೀಮರಾಯ! ಭೀಮರಾಯ, ಭೀಮರಾಯ, ಭೀಮರಾಯ! ಬಡೀರ್ರಿ ಲಗೂ!"

ಓಣಿಯೆಲ್ಲ ಕೇಳಿಸುವ ಹಾಗೆ ಕೂಗಿದಳು. ನಾನು ಬಡಿದೆ, ಒತ್ತಿದೆ, ಜೀವಮಾನದಲ್ಲಿ ಮೊದಲ ಸಲ ಕಿಟಕಿಯ ಕಡೆ ನೋಡಲಿಲ್ಲ. ಚಕ್ರ ಒಂದು ಸುತ್ತು ತಿರುಗಿತು. ಅರ್ಜಿ ತಲುಪಿದೆ ಎಂಬ ಪುಟ ಬಂತು, ಪ್ರಿಂಟರ್ ಕುಯ್ಯೆಂದು ರಸೀದಿ ಉಗುಳಿತು. ಆಕೆ ಅದನ್ನು ಎದೆಗವಚಿಕೊಂಡು ಅತ್ತೇಬಿಟ್ಟಳು.

ಅಷ್ಟರಲ್ಲಿ ಗಂಡ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಓಡಿಬಂದ.

"ಯಾರಿಗೇನ್ ಆತು? ನನ್ನ ಹೆಸರು ಯಾರ್ ಕರದ್ರು?"

"ನಾನs ಕರದೆ," ಎಂದಳು ಕಣ್ಣೊರೆಸಿಕೊಂಡು. "ಅರ್ಜಿ ಹೋತ್ರಿ. ಇನ್ನ ಕರಿಯೋ ಕೆಲಸ ಇಲ್ಲ."

ಆತ ಅಲ್ಲೇ ನಿಂತ. ಲಗ್ನವಾಗಿ ಹನ್ನೆರಡು ವರ್ಷವಾಗಿತ್ತಂತೆ, ಅವಳ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅವತ್ತೇ ಮೊದಲು. ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆತ ಅವರ ಕಡೆ ನೋಡದೆ ನನ್ನ ಹತ್ತಿರ ಬಂದು, ಕಿವಿಯಲ್ಲಿ, ಬಹಳ ಮೆಲ್ಲಗೆ ಕೇಳಿದ:

"ಸಾಹೇಬ್ರ, ಆ ಡಬ್ಬಿ ಇನ್ನೊಂದು ಸಲ ಬೀಳ್ತದೇನ್ ನೋಡ್ರಿ."